ಒಳಗೆ ಒಬ್ಬರಿಗೆ ಮಾತ್ರ

"ಎಣ್ಣೆ ಆಮೇಲೆ ಹಚ್ಚೋಣ ಆಂಟಿ. ಈಗ ಇವಳ ಉಸಿರು ಒಂದು ಹದಕ್ಕೆ ಬಂದಿದೆ," ಎಂದಳು ಪ್ರಮೋದಾ, ತಲೆ ಎತ್ತದೆ.

ಬೆಚ್ಚಗೆ ಮಾಡಿದ ಹರಳೆಣ್ಣೆಯ ಬಟ್ಟಲು ಹಿಡಿದುಕೊಂಡು ಭಾಗ್ಯಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು. ನಡುಮನೆಯಲ್ಲಿ ಅವಳ ಮಗಳು ಚೈತ್ರ, ದಿನ ತುಂಬಿದ ಬಸುರಿ, ನೀಲಿ ಬಣ್ಣದ ದೊಡ್ಡದೊಂದು ರಬ್ಬರ್ ಚೆಂಡಿನ ಮೇಲೆ ಕೂತು ಮೆಲ್ಲಗೆ ತೂಗಾಡುತ್ತಿದ್ದಳು. ಪ್ರಮೋದಾ ಅವಳ ಹಿಂದೆ ಮಂಡಿಯೂರಿ, ಎರಡೂ ಅಂಗೈಯನ್ನು ಸೊಂಟಕ್ಕೆ ಒತ್ತಿ ಹಿಡಿದಿದ್ದಳು. ಅದೇ ಸೊಂಟಕ್ಕೆ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಉಡಿದಾರ ಕಟ್ಟಿ ಬೆಳೆಸಿದವಳು ಇಲ್ಲಿ ಬಟ್ಟಲು ಹಿಡಿದು ನಿಂತಿದ್ದಾಳೆ. ನಿನ್ನೆ ಮೊನ್ನೆ ಬಂದವಳ ಕೈ ಅಲ್ಲಿದೆ.

"ಅಲ್ಲೇ ಅಕ್ಕ, ಅಲ್ಲೇ... ಅಬ್ಬ, ಸ್ವರ್ಗ," ಎಂದಳು ಚೈತ್ರ ಕಣ್ಣು ಮುಚ್ಚಿಕೊಂಡು.

ಭಾಗ್ಯಮ್ಮ ಒಳಗೆ ಹೋಗಿ ಬಟ್ಟಲನ್ನು ಕಟ್ಟೆಯ ಮೇಲೆ ಕುಕ್ಕಿದಳು. ಅರ್ಧ ಎಣ್ಣೆ ಚೆಲ್ಲಿತು.

ಈ ಪ್ರಮೋದಾ ಅರಿಶಿನಕುಂಟೆಯವಳು. ಮೊದಲು ಅಲ್ಲೇ ಒಂದು ನರ್ಸರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳಂತೆ. ಆಮೇಲೆ ಬೆಂಗಳೂರಿನಲ್ಲಿ ಏನೋ ತರಬೇತಿ ತಗೊಂಡು ಈಗ ಡೌಲಾ ಆಗಿದ್ದಾಳೆ. ಹಾಗಂದರೇನು ಅಂತ ಚೈತ್ರ ಅಮ್ಮನಿಗೆ ಬಿಡಿಸಿ ಹೇಳಿದ್ದಳು. "ಡಾಕ್ಟ್ರಲ್ಲಮ್ಮ, ನರ್ಸೂ ಅಲ್ಲ. ಔಷಧಿ ಕೊಡಲ್ಲ, ಸೂಜಿ ಚುಚ್ಚಲ್ಲ, ಹೆರಿಗೆ ಮಾಡ್ಸೋದೂ ಇಲ್ಲ. ನೋವು ಬಂದಾಗ ಪಕ್ಕದಲ್ಲಿರ್ತಾರೆ. ಸೊಂಟ ಒತ್ತುತಾರೆ, ಧೈರ್ಯ ಹೇಳ್ತಾರೆ, ಕೈ ಹಿಡ್ಕೋತಾರೆ."

"ಅದಕ್ಕೆ ಅಮ್ಮ ಅಂತಾರೆ ಕಣೇ," ಎಂದಿದ್ದಳು ಭಾಗ್ಯಮ್ಮ. ಚೈತ್ರ ನಕ್ಕುಬಿಟ್ಟಿದ್ದಳು. ಭಾಗ್ಯಮ್ಮ ನಕ್ಕಿರಲಿಲ್ಲ.

ಪಕ್ಕದ ಮನೆಯ ಕದಿರಮ್ಮನಂತೂ ಕಾಂಪೌಂಡಿನ ಮೇಲೆ ಮೊಣಕೈಯೂರಿ ದಿನಾ ಒಂದು ಕೊಳ್ಳಿ ಇಡುತ್ತಿದ್ದಳು. "ಡೌಲಾ ಅಂತೆ? ಡೌಲು ಹೊಡಿಯೋದಕ್ಕೂ ಈಗ ಸಂಬಳ ಕೊಡ್ತಾರಾ ಭಾಗ್ಯಾ? ಆ ಸ್ಕೂಟ್ರೇನು, ಆ ಕನ್ನಡಕ ಏನು! ನಿನ್ನ ಮಗ್ಳು ಅವಳು ಬಂದ್ರೆ ಗೇಟಿನ ತಂಕ ಓಡ್ತಾಳೆ. ನೀನು ಕರುದ್ರೆ 'ಬಂದೇ ಇರಮ್ಮ' ಅಂತಾಳೆ."

"ನಿಂಗ್ಯಾಕೆ ಅದೆಲ್ಲ? ನಿನ್ನ ಸಾರು ಉಕ್ತಾ ಐತೆ, ನೋಡ್ಕೊ ಹೋಗು," ಎನ್ನುವಳು ಭಾಗ್ಯಮ್ಮ. ಕದಿರಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಸಂಕಟ.

ಇನ್ನೊಂದಿತ್ತು, ಆ 'ಆಂಟಿ'. ತಲೆಯಲ್ಲಿ ಅಷ್ಟು ಬಿಳಿ ಕೂದಲಿಟ್ಟುಕೊಂಡು ಇವಳು ತನ್ನನ್ನು ಆಂಟಿ ಅನ್ನುವುದೆಂದರೇನು? ಭಾಗ್ಯಮ್ಮ ಊರಿನ ಹೆಂಗಸರನ್ನೆಲ್ಲ ಏಕವಚನದಲ್ಲಿ ಮಾತಾಡಿಸುವವಳು. ಪ್ರಮೋದಾಗೆ ಮಾತ್ರ ಹಲ್ಲು ಕಚ್ಚಿ 'ನೀವು' ಎನ್ನುತ್ತಿದ್ದಳು. ಮನೆಯ ಹೊರಗೆ ನಿಲ್ಲಿಸಿ ಮಾತಾಡುವ ಹಾಗಿರುತ್ತಿತ್ತು ಆ ಬಹುವಚನ.

ಭಾಗ್ಯಮ್ಮನ ಹೊಟ್ಟೆಯುರಿ ಸುಮ್ಮನೆ ಬಂದದ್ದಲ್ಲ. ಅವಳು ಚೈತ್ರಳನ್ನು ಹೆತ್ತದ್ದು ಪೇಟೆಯ ಒಂದು ಆಸ್ಪತ್ರೆಯಲ್ಲಿ. ಒಳಗೆ ಹೋದ ಮೇಲೆ ಬಾಗಿಲು ಹಾಕಿದರು. ಅವಳ ತಾಯಿ ಹೊರಗೆ. ಕಬ್ಬಿಣದ ಮಂಚದ ಮೇಲೆ ಮಲಗಿಸಿ, ಕಿರುಚಿದಾಗಲೆಲ್ಲ ಆಯಾ ಬೈದಳು. "ಗಂಡನ ಜೊತೆ ಇರುವಾಗ ನೋವಾಗ್ಲಿಲ್ವಾ?" ಅಂದಳು. ಕೈ ಹಿಡಿಯೋಣ ಅಂತ ಗಾಳಿಯಲ್ಲಿ ತಡಕಾಡಿದರೆ ಸಿಕ್ಕಿದ್ದು ಮಂಚದ ಸರಳು. ಹೊರಗೆ ತಾಯಿ, ಮಗಳು ಕೇಳಿಸಿಕೊಳ್ಳಲಿ ಅಂತ, ಕೈಬಳೆಯನ್ನು ಬಾಗಿಲಿಗೆ ಕುಟ್ಟುತ್ತಿದ್ದಳು. ಆ ಸದ್ದು ಒಂದೇ ಅವತ್ತು ಅವಳಿಗಿದ್ದ ಆಸರೆ. ನನ್ನ ಮಗಳು ಹಡೆಯುವ ಹೊತ್ತಿಗೆ ಬಾಗಿಲು ಮುರಿದಾದರೂ ಸರಿ, ಒಳಗಿರ್ತೀನಿ ಅಂತ ಆ ಮಂಚದ ಮೇಲೇ ಅಂದುಕೊಂಡಿದ್ದಳು ಭಾಗ್ಯಮ್ಮ. ಅಂದಿನಿಂದ ಮಗಳ ತಲೆಯ ಪಕ್ಕದ ಆ ಒಂದು ಜಾಗವನ್ನು ಅವಳು ಯಾರಿಗೂ ಬಿಟ್ಟುಕೊಡದೆ ಕಾದಿಟ್ಟುಕೊಂಡಿದ್ದಳು.

ಈಗ ಬಾಗಿಲು ತಾನಾಗಿ ತೆರೆದಿತ್ತು. ಊರಾಚೆಯ ಹೊಸ ಆಸ್ಪತ್ರೆಗೆ ತೋರಿಸಲು ಹೋದಾಗ ಲೇಡಿ ಡಾಕ್ಟರು ಚೈತ್ರಳನ್ನು ಪರೀಕ್ಷೆ ಮಾಡಿ, "ಎಲ್ಲಾ ಚೆನ್ನಾಗಿದೆ. ತೊಂದ್ರೆ ಇಲ್ದೇ ಇರೋರನ್ನ ಇಲ್ಲಿ ಮಿಡ್‌ವೈಫ್ ಸಿಸ್ಟರ್‌ಗಳೇ ನೋಡ್ಕೋತಾರೆ. ಅವರದೇ ಬೇರೆ ವಾರ್ಡು. ನಾನು ಪಕ್ಕದ ಬ್ಲಾಕಲ್ಲೇ ಇರ್ತೀನಿ, ತೊಡಕಾದ್ರೆ ನಾನು, ಆಪರೇಷನ್ ಥಿಯೇಟ್ರು ಎಲ್ಲಾ ರೆಡಿ," ಎಂದಿದ್ದರು.

"ಡಾಕ್ಟ್ರಿಲ್ದೆ ಹೆರಿಗೆನಾ? ಹಂಗಾದ್ರೆ ಸೂಲಗಿತ್ತಿ ಅಂತಾಯ್ತು."

"ಓದಿರೋ ಸೂಲಗಿತ್ತಿ ಅಂತ ಇಟ್ಕೊಳಿ ಅಮ್ಮ," ಎಂದು ನಕ್ಕಳು ಪಕ್ಕದಲ್ಲಿದ್ದ ಸಿಸ್ಟರ್ ರೂಪ. "ಒಂದು ಮಾತು. ನಮ್ಮ ವಾರ್ಡಲ್ಲಿ ಹೆರಿಗೆಗೆ ಬಂದೋರ ಜೊತೆ ಒಬ್ರು ಹೆಂಗಸ್ರನ್ನ ಬಿಡ್ತೀವಿ. ಒಬ್ರನ್ನೇ. ಒಳಗೆ ಯಾರಿರ್ತೀರ?"

"ನಾನು," ಎಂದಳು ಭಾಗ್ಯಮ್ಮ.

"ಪ್ರಮೋದಾ ಅಕ್ಕ," ಎಂದಳು ಚೈತ್ರ.

ಎರಡೂ ಒಟ್ಟಿಗೇ ಬಂದವು. ರೂಪ ಇಬ್ಬರ ಮುಖವನ್ನೂ ನೋಡಿ, "ಮನೇಲಿ ಮಾತಾಡ್ಕೊಳಿ," ಎಂದು ಬೇರೆ ಬಸುರಿಯನ್ನು ಕರೆದಳು.

ಮನೆಯಲ್ಲಿ ಮಾತಾಗಲಿಲ್ಲ. "ಯಾಕೆ?" ಅಂತ ಭಾಗ್ಯಮ್ಮ ಒಂದು ಸಲ ಕೇಳಿದಳು. "ಹಂಗಲ್ಲಮ್ಮ... ಬಿಡು, ಆಮೇಲೆ ಹೇಳ್ತೀನಿ," ಅಂದಳು ಚೈತ್ರ. ಹೇಳಲಿಲ್ಲ.

ಆ ವಾರ ಪ್ರಮೋದಾ ಬಂದಾಗ ಚೈತ್ರ ಅಮ್ಮನ ಶಾಸ್ತ್ರವೊಂದನ್ನು ಅವಳಿಗೆ ಹೇಳಿದಳು. ಹೆಂಗಸಿಗೆ ನೋವು ಶುರುವಾದರೆ ಮನೆಯಲ್ಲಿರುವ ಬೀಗವನ್ನೆಲ್ಲ ತೆಗೆಯಬೇಕು, ಗಂಟನ್ನೆಲ್ಲ ಬಿಚ್ಚಬೇಕು, ಒಂದು ಹಗ್ಗದ ಕುಣಿಕೆಯೂ ಉಳಿಯಬಾರದು. ಆಗ ಮಗುವಿನ ದಾರಿಯೂ ಸಲೀಸಾಗಿ ಬಿಚ್ಚಿಕೊಳ್ಳುತ್ತೆ. ಪ್ರಮೋದಾಳ ಮುಖ ಅರಳಿತು. "ಎಷ್ಟು ಚೆನ್ನಾಗಿದೆ! ಆಂಟಿ, ಅವತ್ತು ಆ ಕೆಲಸ ಮಾತ್ರ ನೀವು ಮರೀಬಾರ್ದು."

ಅಂದರೆ ನಾನು ಮನೆಯಲ್ಲಿ ಟ್ರಂಕಿನ ಬೀಗ ತೆಗೀತಾ ಕೂತಿರಬೇಕು, ಇವಳು ಒಳಗೆ ನನ್ನ ಮಗಳ ಕೈ ಹಿಡ್ಕೊಂಡಿರ್ತಾಳೆ! ಭಾಗ್ಯಮ್ಮನ ಕಿವಿ ಬಿಸಿಯಾಯಿತು.

ಸಂಜೆ ದೀಪ ಹಚ್ಚಿದ ಮೇಲೆ ಬಿಳಿ ಬಟ್ಟೆಯ ಚೂರೊಂದನ್ನು ಅರಿಶಿನದ ನೀರಿನಲ್ಲಿ ಅದ್ದಿ, ಒಂದು ರೂಪಾಯಿ ನಾಣ್ಯವಿಟ್ಟು, ಮುತ್ಯಾಲಮ್ಮ ದೇವಿಗೆ ಮುಡಿಪು ಕಟ್ಟಿದಳು. ಅಂದುಕೊಂಡದ್ದು ಕೈಗೂಡುವ ತನಕ ಆ ಗಂಟನ್ನು ಯಾರೂ ಬಿಚ್ಚುವ ಹಾಗಿಲ್ಲ. "ಆವತ್ತೊಂದಿನ ಅವಳು ಬರಬಾರದು ತಾಯಿ. ಕೆಟ್ಟದ್ದೇನೂ ಮಾಡ್ಬೇಡ, ಮಕ್ಕಳೊಂದಿಗಳು. ಸ್ಕೂಟ್ರು ಕೆಟ್ಟೋಗ್ಲಿ ಸಾಕು. ಇಲ್ಲಾ ಒಂದು ಜ್ವರ. ಚಿಕ್ಕ ಜ್ವರ." ಗಂಟನ್ನು ಎಳೆದು, ಮತ್ತೊಂದು ಸುತ್ತು ಹಾಕಿ ಎಳೆದು, ದೇವರ ಗೂಡಿನ ಮೊಳೆಗೆ ತೂಗುಹಾಕಿದಳು.

"ಏನೇ ಮುಡಿಪು?" ಎಂದ ಗಂಡ ಅಪ್ಪಯ್ಯಣ್ಣ.

"ಸುಸೂತ್ರ ಹೆರಿಗೆಗೆ."

"ಒಳ್ಳೇದು, ಒಳ್ಳೇದು," ಎಂದು ಅವನು ಗೂಡಿಗೆ ಕೈಮುಗಿದ.

ನೋವು ಬಂದದ್ದು ಒಂದು ಭಾನುವಾರ, ಬೆಳಗಿನ ತಿಂಡಿಯ ಹೊತ್ತಿಗೆ. ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟು ಚೈತ್ರ ಗೋಡೆ ಹಿಡಿದಳು. ಅಳಿಯ ಸುನಿಲ್‌ಕುಮಾರ್ ಹಿಂದಿನ ದಿನವೇ ಬೂದಿಗೆರೆಯಿಂದ ಬಂದಿದ್ದ. ಅವನು ಕಾರಿನ ಕೀಲಿ ಹುಡುಕುತ್ತಾ, ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲಾ ತಿರುಗಿದ.

"ನೀವು ಮನೇಲೇ ಇರಿ," ಎಂದಳು ಭಾಗ್ಯಮ್ಮ ಗಂಡನಿಗೆ. "ಬೀಗ ಗಂಟು ಎಲ್ಲಾ ಬಿಚ್ಚಿ. ಮನೆ ತೆಗೆದಿಟ್ಟ ಮೇಲೆ ಕಾಯೋಕೂ ಯಾರಾರ ಬೇಕಲ್ಲ."

"ಅಮ್ಮ, ಅಕ್ಕಂಗೆ ಫೋನು..." ಎಂದಳು ಚೈತ್ರ ಕಾರಿನ ಹಿಂದಿನ ಸೀಟಿನಿಂದ ಮೊಬೈಲು ಚಾಚುತ್ತಾ. ಅಷ್ಟರಲ್ಲಿ ಇನ್ನೊಂದು ನೋವು ಬಂತು.

"ನೀನು ಉಸಿರಾಡ್ಕೊ. ನಾನು ಮಾಡ್ತೀನಿ."

ಭಾಗ್ಯಮ್ಮ ಮೊಬೈಲು ತಗೊಂಡಳು. ಪ್ರಮೋದಾಳ ಹೆಸರು ಮೊದಲಿಗೇ ಇತ್ತು, ಪಕ್ಕದಲ್ಲೊಂದು ಕೆಂಪು ಹೃದಯದ ಚಿತ್ರ. ಅವಳು ತನ್ನ ಹೆಸರು ಹುಡುಕಿದಳು. ಕೆಳಗೆಲ್ಲೋ ಬರೀ 'ಅಮ್ಮ' ಅಂತ ಇತ್ತು, ಚಿತ್ರಗಿತ್ರ ಏನಿಲ್ಲ. ಫೋನನ್ನು ಕಿವಿಗಿಟ್ಟು ಕಿಟಕಿಯ ಕಡೆ ತಿರುಗಿ, ಯಾರೂ ಇಲ್ಲದ ಫೋನಿಗೆ "ಹೂಂ, ಶುರುವಾಗೈತೆ. ಹೂಂ, ಬನ್ನಿ," ಅಂದಳು.

"ಬರ್ತಾರಂತಾ?" ಎಂದ ಅಳಿಯ.

"ಹೊರಟವ್ಳೆ." ಮೊಬೈಲನ್ನು ಚೀಲದ ತಳಕ್ಕೆ, ಎಣ್ಣೆಯ ಸೀಸೆಯ ಪಕ್ಕಕ್ಕೆ ತುರುಕಿದಳು. ದೇವಿ ಮಾಡಬೇಕಾದದ್ದನ್ನು ತಾನೇ ಮಾಡಿಬಿಟ್ಟಿದ್ದಳು.

ಆಸ್ಪತ್ರೆಯ ಆ ವಾರ್ಡು ಭಾಗ್ಯಮ್ಮ ನೆನೆಸಿಕೊಂಡಿದ್ದಂತೆ ಇರಲೇ ಇಲ್ಲ. ಗೋಡೆಗೆ ತಿಳಿಹಸಿರು ಬಣ್ಣ, ಪರದೆ, ನೆಲದ ಮೇಲೊಂದು ಚಾಪೆ, ಮೂಲೆಯಲ್ಲಿ ಮನೆಯದರಂಥದೇ ಚೆಂಡು. ಬೈಯುವವರು ಯಾರೂ ಇಲ್ಲ. ಸಿಸ್ಟರ್ ರೂಪ ಪುಟ್ಟ ಯಂತ್ರವನ್ನು ಹೊಟ್ಟೆಗಿಟ್ಟು ಮಗುವಿನ ಎದೆಬಡಿತ ಕೇಳಿಸಿದಳು. ಓಡುವ ಕುದುರೆಯ ಹಾಗೆ ಟಕಟಕ ಅಂತು. "ನಿಮ್ಮ ಡೌಲಾ ಬರೋವರ್ಗೆ ಅಮ್ಮ ಇರ್ಲಿ," ಎಂದಳು.

ಭಾಗ್ಯಮ್ಮ ಒಳಗೆ ಹೋದಳು. ಮಗಳ ತಲೆಯ ಪಕ್ಕ ನಿಂತಳು. ಅದೇ ಜಾಗ.

ಮೊದಲಿನ ಎರಡು ಮೂರು ನೋವಿಗೆ ಸರಿಯಿತ್ತು. ಸೊಂಟಕ್ಕೆ ಕೈಯಿಟ್ಟಳು, ಪ್ರಮೋದಾ ಒತ್ತುತ್ತಿದ್ದ ಜಾಗಕ್ಕೇ ಇಟ್ಟಳು. ಆಮೇಲೆ ಚೈತ್ರ ಜೋರಾಗಿ ನರಳಿದಳು. ಅದು ಚೈತ್ರಳ ದನಿಯಲ್ಲ, ಭಾಗ್ಯಮ್ಮನದೇ ಹಳೆಯ ದನಿ. ತಿಳಿಹಸಿರು ಗೋಡೆ ಹೋಯಿತು, ಕಬ್ಬಿಣದ ಮಂಚ ಬಂತು. "ಅಯ್ಯೋ ಮುತ್ಯಾಲಮ್ಮ, ಅಯ್ಯೋ ನನ್ನ ಕಂದ, ಏನ್ಮಾಡ್ಲಿ ತಾಯೀ," ಅಂತ ಅವಳು ಮಗಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡತೊಡಗಿದಳು. ಕಣ್ಣೀರು ಮಗಳ ಹಣೆಯ ಮೇಲೇ ಬಿತ್ತು.

"ಅಮ್ಮಾ, ಅಳ್ಬೇಡ. ನಂಗೇನೂ ಆಗಿಲ್ಲ," ಎಂದಳು ಚೈತ್ರ ನೋವು ಇಳಿದಾಗ. ಏದುಸಿರು ಬಿಡುತ್ತಲೇ ಇನ್ನೊಂದು ಕೈ ಚಾಚಿ ಅಮ್ಮನ ಬೆನ್ನು ಸವರಿದಳು. "ನೀರು ಕುಡಿ. ಕೂತ್ಕೊ."

ಪ್ರತಿ ಸಲವೂ ಹೀಗೇ. ಮಧ್ಯಾಹ್ನದ ಹೊತ್ತಿಗೆ ನೋವು ಹಿಂದೆ ಸರಿಯಿತು. ರೂಪ ಕೈಯಿಟ್ಟು ನೋಡಿ, "ಬರ್ತಾ ಇದ್ದಿದ್ದು ನಿಧಾನ ಆಗ್ಬಿಟ್ಟಿದೆ. ಮಗು ಆರಾಮಾಗಿದೆ. ಸ್ವಲ್ಪ ಓಡಾಡು ಚೈತ್ರಾ," ಎಂದಳು.

"ಡಾಕ್ಟ್ರುನ ಕರೀರಿ!" ಭಾಗ್ಯಮ್ಮ ಕಿರುಚಿದಳು. "ಕೊಯ್ದು ತಗೀಲಿ. ನನ್ನ ಮಗ್ಳು ಸಾಯ್ತಾವ್ಳೆ."

ಡಾಕ್ಟರು ಬಂದರು. ನೋಡಿದರು, ರೂಪಳ ಹತ್ತಿರ ಎರಡು ಮಾತಾಡಿದರು. "ಕೊಯ್ಯೋ ಅಂಥದ್ದೇನೂ ಆಗಿಲ್ಲಮ್ಮ. ಬೇಕಾದ್ರೆ ಒಂದು ನಿಮಿಷಾನೂ ತಡ ಮಾಡಲ್ಲ. ಈಗ ಇವಳಿಗೆ ಬೇಕಾಗಿರೋದು ನೆಮ್ಮದಿ," ಎಂದು ಹೇಳಿ, ಹೋಗುವಾಗ ಭಾಗ್ಯಮ್ಮನ ಭುಜವನ್ನೊಮ್ಮೆ ಮುಟ್ಟಿ ಹೋದರು.

ಚೈತ್ರ ಗೋಡೆಗೊರಗಿ ನಿಂತಿದ್ದಳು. "ಅಕ್ಕ ಎಲ್ಲಿದ್ದಾರಮ್ಮ? ಇಷ್ಟೊತ್ತಾಯ್ತಲ್ಲ."

"ದಾರೀಲವ್ಳೆ. ನಾನಿದೀನಲ್ಲವ್ವಾ. ನಾನು ಸಾಲದಾ?"

ಚೈತ್ರ ಕಣ್ಣು ಮುಚ್ಚಿದಳು. ಮಾತು ಮೆಲ್ಲಗೆ ಬಂತು. "ನೀನಿದ್ರೆ ನಾನು ನಿನ್ನನ್ನ ನೋಡ್ಕೋಬೇಕಮ್ಮ. ನೀನು ನಂಗೆ ಚಿಕ್ಕೋಳಿದ್ದಾಗಿಂದ ಹೇಳ್ತಿದ್ಯಲ್ಲ, ಆ ಮಂಚ, ಆ ಆಯಾ... ಇವತ್ತು ನಿನ್ನ ಕಣ್ಣಲ್ಲಿ ಅದೇ ಕಾಣ್ಸುತ್ತೆ. ನಾನು ನೋವು ತಿನ್ಲಾ, ನಿನ್ನ ಸಮಾಧಾನ ಮಾಡ್ಲಾ? ಅದಕ್ಕೇ ಅಕ್ಕನ್ನ ಕೇಳಿದ್ದು. ಇದನ್ನ ನಿಂಗೆ ಹೆಂಗೆ ಹೇಳೋದು ಹೇಳು."

ಭಾಗ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಂದಿನ ನೋವು ಬರುವ ಮೊದಲೇ ಚೀಲ ತಗೊಂಡು ಹೊರಗೆ ಬಂದಳು.

ಪ್ರಮೋದಾ ಒಂದೇ ರಿಂಗಿಗೆ ಎತ್ತಿದಳು. "ಹೇಳು ಚೈತ್ರಾ."

"ನಾನು. ಅವಳಮ್ಮ. ನೋವು ಬಂದೈತೆ."

"ಯಾವಾಗಿಂದ ಆಂಟಿ?"

"...ಬೆಳಗ್ಗೆಯಿಂದ."

ಆ ಕಡೆ ಸ್ಕೂಟರಿನ ಸ್ಟ್ಯಾಂಡ್ ತೆಗೆದ ಸದ್ದು. "ಹೊರಟೆ."

ಅವಳು ಬಂದಾಗ ಅವಳ ಮುಖವೆಲ್ಲ ಹೆದ್ದಾರಿಯ ಧೂಳು. ಭಾಗ್ಯಮ್ಮ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದಳು. ಪ್ರಮೋದಾ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು, ಕನ್ನಡಕ ಒರೆಸಿಕೊಂಡು, ಒಂದೇ ಮಾತು ಕೇಳಿದಳು. "ಅವಳಿಗೆ ಏನಂತ ಹೇಳಿದೀರ?"

"ದಾರೀಲಿದೀರ ಅಂತ."

ತಲೆಯಾಡಿಸಿ ಪ್ರಮೋದಾ ಒಳಗೆ ಹೋದಳು. ಬಾಗಿಲು ಮುಚ್ಚಿಕೊಳ್ಳುವ ಮೊದಲು ಅವಳ ದನಿ ಕೇಳಿಸಿತು. "ಏನು ಟ್ರಾಫಿಕ್ಕು ಕಣಮ್ಮಾ ಇವತ್ತು! ಭಾನುವಾರ ಬೇರೆ, ನೆಲಮಂಗಲ ದಾಟೋದ್ರೊಳಗೆ ಸಾಕಾಗೋಯ್ತು. ಬಾ, ನನ್ನ ಕತ್ತು ಹಿಡ್ಕೊ. ಜೋತುಬೀಳು, ಪರವಾಗಿಲ್ಲ. ಹಂಗೇ."

ಚೈತ್ರ ನಕ್ಕದ್ದು ಕೇಳಿಸಿತು. ಅಷ್ಟು ನೋವಿನಲ್ಲೂ.

ಭಾಗ್ಯಮ್ಮ ಹೊರಗಿನ ಬೆಂಚಿನ ಮೇಲೆ ಕುಸಿದಳು. ಪ್ರಮೋದಾ ಎರಡು ಮಾತು ಬೈದಿದ್ದರೆ, ಮಗಳ ಮುಂದೆ ಹೇಳಿಬಿಟ್ಟಿದ್ದರೆ, ಎಷ್ಟೋ ಹಗುರಾಗುತ್ತಿತ್ತು. ಆಗ ಇವಳನ್ನು ಬೈದುಕೊಂಡಾದರೂ ಕೂತಿರಬಹುದಿತ್ತು. ಮಗಳ ಸೊಂಟ ತಗೊಂಡಳು, ಕೈ ತಗೊಂಡಳು, ನಗು ತಗೊಂಡಳು. ಈಗ ಒಳ್ಳೆಯತನವನ್ನೂ ಅವಳೇ ತಗೊಂಡು ಹೋದಳಲ್ಲ!

ಒಳಗಿನಿಂದ ಉಸಿರಿನ ಸದ್ದು ಬರುತ್ತಿತ್ತು. ಹೂಂ... ಬಿಡು... ಹೂಂ... ಬಿಡು... ಒಬ್ಬಳ ದನಿಯ ಮೇಲೆ ಇನ್ನೊಬ್ಬಳ ದನಿ. ಭಾಗ್ಯಮ್ಮನಿಗೆ ಥಟ್ಟನೆ ದೇವರ ಗೂಡು ನೆನಪಾಯಿತು. ಮನೆಗೆ ಫೋನು ಹಚ್ಚಿದಳು.

"ಎಲ್ಲಾ ಬಿಚ್ಚಿದ್ರಾ?"

"ಏನೇನಿತ್ತೋ ಎಲ್ಲಾ ಬಿಚ್ಚಿವ್ನಿ," ಎಂದ ಅಪ್ಪಯ್ಯಣ್ಣ ಹೆಮ್ಮೆಯಿಂದ. "ಬೀರು, ಟ್ರಂಕು, ಪಂಪ್‌ಹೌಸು. ಅಕ್ಕಿ ಮೂಟೆ ಬಾಯಿದಾರ ಕೂಡ. ಹಸುನೂ ಬಿಚ್ಚಿದ್ದೆ, ಅದು ಹೋಗಿ ಕದಿರಮ್ಮನ ಸೊಪ್ಪೆಲ್ಲಾ ತಿಂದಾಕೈತೆ. ಬೈತಾ ನಿಂತವ್ಳೆ, ಕೇಳುಸ್ತದಾ?"

"ಗೂಡಲ್ಲಿರೋ ಮುಡಿಪು?"

"ಅದು ದೇವ್ರುದಲ್ವೇನೇ? ಅದನ್ನ ಬಿಚ್ಚಬಾರ್ದು."

"ಬಿಚ್ಚಿ."

"ಲೇ, ನೀನೇ ಹೇಳಿದ್ದೆ, ಸುಸೂತ್ರ ಹೆರಿಗೆಗೆ ಅಂತ..."

"ಅದಕ್ಕಲ್ಲ ಕಟ್ಟಿದ್ದು. ಬಿಚ್ಚಿ ಅಂದ್ನಲ್ಲ!"

ಅಪ್ಪಯ್ಯಣ್ಣ ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಒಂದು ಕಿವಿಯಲ್ಲಿ ಗಂಡನ ಪರದಾಟ, ಇನ್ನೊಂದು ಕಿವಿಯಲ್ಲಿ ಬಾಗಿಲಾಚೆಯ ಉಸಿರು. "ಏನೇ ಹಿಂಗೆ ಬಿಗಿದಿದೀಯ? ಉಗುರೇ ಹೋಗಲ್ಲ," ಎಂದ ದೂರದಿಂದ. "ಹಲ್ಲಲ್ಲಿ ಕಚ್ಚಿ ಎಳೀರಿ," ಎಂದಳು. ಎದ್ದು ಹೋಗಿ ಬಾಗಿಲಿಗೆ ಕೈಯಾನಿಸಿ ನಿಂತಳು. ಅವಳಿಗೆ ಗೊತ್ತಿಲ್ಲದ ಹಾಗೆಯೇ ಕೈಬಳೆ ಬಾಗಿಲಿಗೆ ತಾಗಿ ಸದ್ದು ಮಾಡಿತು, ನಿಂತಿತು, ಮತ್ತೆ ಸದ್ದು ಮಾಡಿತು. ಕೊನೆಗೆ ಫೋನಿನಲ್ಲಿ ನಾಣ್ಯವೊಂದು ನೆಲಕ್ಕೆ ಬಿದ್ದು ಉರುಳುತ್ತಾ ಹೋದದ್ದು ಕೇಳಿಸಿತು.

ಮಗು ಹುಟ್ಟಿದ್ದು ಇಳಿಹೊತ್ತಿನಲ್ಲಿ. ಹೆಣ್ಣು. ಕೊಯ್ಯಲಿಲ್ಲ, ಹೊಲಿಯಲಿಲ್ಲ. ಮೊದಲು ಎತ್ತಿದವಳು ರೂಪ, ಆಮೇಲೆ ಮಗು ಚೈತ್ರಳ ಎದೆಯ ಮೇಲೆ. ಸುನಿಲ್‌ಕುಮಾರ್ ಬಾಗಿಲಲ್ಲಿ ನಿಂತು ನೋಡಿ, ಅತ್ತು, ಎಲ್ಲರಿಗೂ ಫೋನು ಮಾಡಲು ಆಚೆ ಹೋದ.

ಭಾಗ್ಯಮ್ಮ ಒಳಗೆ ಬಂದಾಗ ಪ್ರಮೋದಾ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಜಡೆ ಬಿಚ್ಚಿಹೋಗಿತ್ತು. ಲೋಟ ಹಿಡಿದ ಅವಳ ಮುಂಗೈ ಮೇಲೆ ಸಾಲಾಗಿ ಉಗುರಿನ ಗೀರುಗಳು ಎದ್ದಿದ್ದವು. ಒಂದೆರಡು ಕಡೆ ರಕ್ತ ಜಿನುಗಿತ್ತು. ಚೈತ್ರಳ ಉಗುರು. ಭಾಗ್ಯಮ್ಮ ಅದನ್ನೇ ನೋಡಿದಳು. ಆ ಗೀರು ತನ್ನ ಕೈ ಮೇಲೆ ಇರಬೇಕಾದದ್ದು.

ತನ್ನ ಕೈ ತಿರುಗಿಸಿ ನೋಡಿಕೊಂಡಳು. ಏನೂ ಇರಲಿಲ್ಲ.

"ಅಮ್ಮಾ, ನೋಡು, ನಿನ್ನ ಮೂಗೇ," ಎಂದಳು ಚೈತ್ರ. ಮಗುವಿನ ಬಟ್ಟೆ ಸರಿಸಲು ಅವಳು ಚಾಚಿದ ಕೈಯ ಮಣಿಕಟ್ಟಿನ ಮೇಲೂ ಗುರುತುಗಳಿದ್ದವು. ಅರ್ಧಚಂದ್ರದ ಹಾಗೆ, ಆಗಲೇ ಕಪ್ಪಾಗಿದ್ದವು. ಅವು ಯಾರ ಉಗುರಿನವು ಎಂದು ಭಾಗ್ಯಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಭಾಗ್ಯಮ್ಮ ಚೀಲದಿಂದ ಹರಳೆಣ್ಣೆಯ ಸೀಸೆ ತೆಗೆದಳು. ಅಂಗೈಗೆ ಸುರಿದುಕೊಂಡು, ಮಗಳ ಮಣಿಕಟ್ಟಿಗೆ, ಮಗುವಿಗೆ ಎಚ್ಚರವಾಗದ ಹಾಗೆ, ಹಚ್ಚಿದಳು. ಸುಮಾರು ಹೊತ್ತು ಹಚ್ಚಿದಳು. ಅಂಗೈಯಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಸ್ಟೂಲಿನ ಹತ್ತಿರ ಹೋಗಿ, ಮುಖ ನೋಡದೆ, ಕೈ ಚಾಚಿದಳು.

"ಕೊಡಿಲ್ಲಿ."

"ಪರವಾಗಿಲ್ಲ ಆಂಟಿ, ಇದೆಲ್ಲಾ ಮಾಮೂಲಿ ನಂಗೆ."

"ಕೊಡೇ ಅಂದೆ."

ಪ್ರಮೋದಾ ಲೋಟ ಕೆಳಗಿಟ್ಟು ಕೈ ಕೊಟ್ಟಳು. ಭಾಗ್ಯಮ್ಮ ಒಂದೊಂದೇ ಗೀರಿನ ಮೇಲೆ ಹೆಬ್ಬೆರಳಿನಿಂದ ಎಣ್ಣೆ ತಿಕ್ಕಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ಪ್ರಮೋದಾ ಹಲ್ಲು ಕಚ್ಚಿಕೊಂಡಳು, ಕೈ ಮಾತ್ರ ಎಳೆದುಕೊಳ್ಳಲಿಲ್ಲ.